ಐಎಲ್-2 ವಯಲ್ ಬಂದಿದೆ: ಡೋಸ್ ನ್ಯಾನೋಗ್ರಾಂನಲ್ಲಾ, ಯೂನಿಟ್‌ನಲ್ಲಾ?

ಪಿಪೆಟ್_ಪುಟ್ಟಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಪಿಎಚ್‌ಡಿ ಮೊದಲ ವರ್ಷದಲ್ಲಿದ್ದೇನೆ. ದಾನಿಗಳ ರಕ್ತದಿಂದ ಟಿ ಸೆಲ್ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಬೇರ್ಪಡಿಸಿ, ಅವನ್ನು ಎಬ್ಬಿಸುವ ಸಿಡಿ3/ಸಿಡಿ28 ಬೀಡ್ಸ್ ಹಾಕಿ, ಎರಡು ವಾರ ಬೆಳೆಸಬೇಕು. ಅದಕ್ಕೆ ರಿಕಾಂಬಿನಂಟ್ (ಜೀನ್ ಅನ್ನು ಬೇರೆ ಸೆಲ್‌ಗೆ ಸೇರಿಸಿ ಮಾಡಿಸಿದ) ಹ್ಯೂಮನ್ ಐಎಲ್-2, ಅಂದರೆ ಟಿ ಸೆಲ್ ಬೆಳೆಸುವ ಇಂಟರ್‌ಲ್ಯೂಕಿನ್-2 ಪ್ರೋಟೀನ್ ತರಿಸಿದ್ದೇವೆ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ ಸೀನಿಯರ್ ಪೋಸ್ಟ್‌ಡಾಕ್‌ಗೆ ಹೊರಟುಹೋದರು. ಗೈಡ್ ಕೇಳಿದರೆ "ಪೇಪರ್ ನೋಡಿ ಮಾಡಮ್ಮ" ಅಂತಾರೆ.

ಪೇಪರ್ ನೋಡಿದೆ. ಒಂದರಲ್ಲಿ ಮಿಲಿಲೀಟರಿಗೆ 100 ಐಯು (ಇಂಟರ್‌ನ್ಯಾಷನಲ್ ಯೂನಿಟ್). ಇನ್ನೊಂದರಲ್ಲಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ. 1980ರ ದಶಕದ ಒಂದು ಪೇಪರ್‌ನಲ್ಲಿ ಬರೀ ಯೂನಿಟ್ ಅಂತಿದೆ, ಯಾವ ಯೂನಿಟ್ ಅಂತ ಇಲ್ಲ. ನಮ್ಮ ವಯಲ್ ಮೇಲೆ 50 ಮೈಕ್ರೋಗ್ರಾಂ ಅಂತ ಮಾತ್ರ ಬರೆದಿದ್ದಾರೆ. ಡೇಟಾಶೀಟ್ ಹೇಳುವುದಿಷ್ಟು: ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮಾಡಿದ್ದು, ಕ್ಯಾರಿಯರ್ ಫ್ರೀ (ಬೇರೆ ಪ್ರೋಟೀನ್ ಬೆರೆಸಿಲ್ಲ), ಸಿಟಿಎಲ್‌ಎಲ್-2 ಸೆಲ್ ಮೇಲಿನ ಅಸ್ಸೇನಲ್ಲಿ (ಪರೀಕ್ಷೆಯಲ್ಲಿ) ಇಡಿ50, ಅಂದರೆ ಅರ್ಧದಷ್ಟು ಪರಿಣಾಮ ಕೊಡುವ ಪ್ರಮಾಣ, ಮಿಲಿಲೀಟರಿಗೆ 0.1 ನ್ಯಾನೋಗ್ರಾಂಗಿಂತ ಕಡಿಮೆ, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪದರದಿಂದ ಬರುವ ವಿಷ) ಮೈಕ್ರೋಗ್ರಾಂಗೆ 1 ಇಯುಗಿಂತ (ಎಂಡೋಟಾಕ್ಸಿನ್ ಯೂನಿಟ್) ಕಡಿಮೆ.

ಇನ್ನೂ ಒಂದು. ವಯಲ್ ಅನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಏನೂ ಕಾಣುತ್ತಿಲ್ಲ. ಖಾಲಿ ವಯಲ್ ಕಳಿಸಿಬಿಟ್ರಾ?

ಹಳೇ_ಬೆಂಚು:
ಖಾಲಿ ಅಲ್ಲ, ಗಾಬರಿ ಬೇಡ. 50 ಮೈಕ್ರೋಗ್ರಾಂ ಅಂದರೆ ಒಂದು ಗ್ರಾಂನಲ್ಲಿ 20 ಸಾವಿರ ಪಾಲು ಮಾಡಿ ಒಂದು ಪಾಲು ಕೊಟ್ಟ ಹಾಗೆ. ಫ್ರೀಜ್ ಡ್ರೈ ಮಾಡಿದ ಮೇಲೆ ಅದು ಗೋಡೆಗೆ ತೆಳ್ಳಗೆ ಅಂಟಿಕೊಂಡಿರುತ್ತದೆ. ಕೆಲವು ಸಲ ಮುಚ್ಚಳದ ಒಳಭಾಗಕ್ಕೂ ಹೋಗಿ ಕೂತಿರುತ್ತದೆ. ಅದಕ್ಕೇ ತೆರೆಯುವ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ಹಾಕಿಸಿ. ಈ ಒಂದು ಕೆಲಸ ಬಿಟ್ಟು ಅರ್ಧ ಪ್ರೋಟೀನ್ ಮುಚ್ಚಳದ ಜೊತೆ ಕಸಕ್ಕೆ ಹಾಕಿದವರು ಪ್ರತಿ ಲ್ಯಾಬಲ್ಲೂ ಇದ್ದಾರೆ.

ಯಾವುದರಲ್ಲಿ ಕರಗಿಸಬೇಕು ಅನ್ನುವುದು ಅದೇ ಡೇಟಾಶೀಟ್‌ನಲ್ಲಿದೆ, ಹಾಗೇ ಮಾಡಿ. ಪಿಬಿಎಸ್ (ಲ್ಯಾಬಿನ ಉಪ್ಪುನೀರಿನ ಬಫರ್) ಕೈಗೆ ಸಿಕ್ಕಿತು ಅಂತ ಸುಮ್ನೆ ಅದನ್ನು ಸುರಿಯಬೇಡಿ. ಐಎಲ್-2ಗೂ ನೀರಿಗೂ ಅಷ್ಟಕ್ಕಷ್ಟೆ. ಪಿಎಚ್ 7ರ ಆಸುಪಾಸಿನಲ್ಲಿ ಅಣುಗಳು ಒಂದಕ್ಕೊಂದು ಅಂಟಿ ಮುದ್ದೆ ಕಟ್ಟುತ್ತವೆ. ಹುಳಿ ಇದ್ದರೆ ಚೆನ್ನಾಗಿ ಕರಗುತ್ತದೆ. ಅದಕ್ಕೇ ಕೆಲವು ಕಂಪನಿಗಳು 100 ಮಿಲಿಮೋಲಾರ್ ಅಸಿಟಿಕ್ ಆಸಿಡ್ ಹಾಕಿ ಅನ್ನುತ್ತವೆ. ಸೆಲ್‌ಗೆ ಆಸಿಡ್ ತಾಗುತ್ತದಲ್ಲಾ ಅಂತ ಹೆದರಬೇಕಿಲ್ಲ. ಮೀಡಿಯಂಗೆ ಹೋಗುವ ಹೊತ್ತಿಗೆ ಸಾವಿರಾರು ಪಟ್ಟು ತೆಳುವಾಗಿರುತ್ತದೆ.

500 ಮೈಕ್ರೋಲೀಟರ್ ಹಾಕಿದರೆ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಸ್ಟಾಕ್ ಆಗುತ್ತದೆ. ಗೋಡೆಗೆ ತಾಗಿಸಿ ನಿಧಾನಕ್ಕೆ ಬಿಡಿ. ವಯಲ್ ಓರೆ ಮಾಡಿ ಸುತ್ತಿಸಿ. ಹತ್ತಿಪ್ಪತ್ತು ನಿಮಿಷ ಹಾಗೇ ಬಿಡಿ. ವೋರ್ಟೆಕ್ಸ್ ಹತ್ತಿರ ಮಾತ್ರ ಹೋಗಬೇಡಿ. ನೊರೆ ಬಂದರೆ ಪ್ರೋಟೀನ್ ಕೆಡುತ್ತಿದೆ ಅಂತ.

ಮೈಸೂರು_ಮೈಕ್ರಾನ್:
ಡೋಸ್ ಪ್ರಶ್ನೆ ನಾನು ತಗೋತೀನಿ.

10 ಗ್ರಾಂ ಬ್ಯಾಡಗಿ ಮೆಣಸಿನಕಾಯಿ ಹಾಕಿ ಒಂದು ಸಾರು ಮಾಡಿ, 10 ಗ್ರಾಂ ಗುಂಟೂರು ಹಾಕಿ ಇನ್ನೊಂದು. ತೂಕ ಒಂದೇ. ಖಾರ ಒಂದೇನಾ? ನ್ಯಾನೋಗ್ರಾಂ ತೂಕ ಹೇಳುತ್ತದೆ, ಯೂನಿಟ್ ಖಾರ ಹೇಳುತ್ತದೆ. ಸೆಲ್‌ಗೆ ಗೊತ್ತಾಗುವುದು ಖಾರ ಮಾತ್ರ. ಒಂದೇ 50 ಮೈಕ್ರೋಗ್ರಾಂನಲ್ಲಿ ಸರಿಯಾಗಿ ಮಡಚಿಕೊಂಡ ಪ್ರೋಟೀನ್ ಎಷ್ಟಿದೆ, ಮುದ್ದೆಯಾಗಿ ಕೆಲಸಕ್ಕೆ ಬಾರದ್ದು ಎಷ್ಟಿದೆ ಅನ್ನುವುದು ತೂಕದಲ್ಲಿ ತಿಳಿಯುವುದಿಲ್ಲ.

ಇಡಿ50ಯಿಂದ ಯೂನಿಟ್‌ಗೆ ಹೋಗುವ ದಾರಿ ಸುಲಭ. 10 ಲಕ್ಷವನ್ನು ಇಡಿ50ಯಿಂದ ಭಾಗಿಸಿ. ಇಡಿ50 ನ್ಯಾನೋಗ್ರಾಂ ಲೆಕ್ಕದಲ್ಲಿರಬೇಕು. 10 ಲಕ್ಷ ಭಾಗಿಸು 0.1, ಅಂದರೆ ಮಿಲಿಗ್ರಾಂಗೆ 1 ಕೋಟಿ ಯೂನಿಟ್. ನಿಮ್ಮ ವಯಲ್‌ನಲ್ಲಿ 5 ಲಕ್ಷ ಯೂನಿಟ್ ಇದೆ. ಮಿಲಿಲೀಟರಿಗೆ 100 ಯೂನಿಟ್ ಬೇಕಿದ್ದರೆ 10 ನ್ಯಾನೋಗ್ರಾಂ. ಒಂದು ವಯಲ್‌ಗೆ 5 ಲೀಟರ್ ಮೀಡಿಯಂ ಆಗುತ್ತದೆ. ಹಾಗಾಗಿ ನೀವು ನೋಡಿದ 20 ನ್ಯಾನೋಗ್ರಾಂ ಪೇಪರ್ ಹೆಚ್ಚುಕಡಿಮೆ 200 ಯೂನಿಟ್ ಹಾಕಿದೆ, ಅವರ ಪ್ರೋಟೀನೂ ಇಷ್ಟೇ ಖಾರ ಇದ್ದರೆ.

ಕಡಿಮೆ ಅಂತ ಬರೆದಿದ್ದಾರಲ್ಲ, ಅದನ್ನೂ ಗಮನಿಸಿ. 0.1 ಅವರ ಮಿತಿ ಅಷ್ಟೆ. ನಿಮ್ಮ ಲಾಟ್ 0.03 ಬಂದಿರಬಹುದು. ಆ ಲಾಟ್‌ನ ಸಿಒಎ (ಪರೀಕ್ಷಾ ಪ್ರಮಾಣಪತ್ರ) ಕೇಳಿ ತರಿಸಿಕೊಳ್ಳಿ.

ನೆಕ್ಕರ್_ದಂಡೆ:
ಜರ್ಮನಿಯಲ್ಲಿ ಸೈಟೋಕೈನ್ (ಐಎಲ್-2ನಂಥ ಸಂದೇಶ ಒಯ್ಯುವ ಪ್ರೋಟೀನ್) ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷೆ ಕೆಲಸ ಮಾಡುತ್ತೇನೆ. ಮೈಕ್ರಾನ್ ಅವರ ಲೆಕ್ಕ ಸರಿ, ಆದರೆ ದಯವಿಟ್ಟು ಅದಕ್ಕೆ ಐಯು ಅಂತ ಬರೆಯಬೇಡಿ. ಇಡಿ50ಯಿಂದ ಬರುವುದು ಆ ಕಂಪನಿಯ ಆ ದಿನದ ಅಸ್ಸೇಯ ಯೂನಿಟ್. ಐಯು ಅನ್ನಬೇಕಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸ್ಟ್ಯಾಂಡರ್ಡ್ ಅನ್ನು ಪಕ್ಕದಲ್ಲೇ ಇಟ್ಟು, ಅದೇ ಪ್ಲೇಟಿನಲ್ಲಿ, ಅದೇ ಸೆಲ್ ಮೇಲೆ ಅಳೆದಿರಬೇಕು. ಆ ಸ್ಟ್ಯಾಂಡರ್ಡ್ ಇಂಗ್ಲೆಂಡಿನ ಎನ್‌ಐಬಿಎಸ್‌ಸಿ ಅನ್ನುವ ಸಂಸ್ಥೆಯಿಂದ ಬರುತ್ತದೆ. ಸೆಲ್‌ಗೆ ಹುಷಾರಿಲ್ಲದ ದಿನ ಇಡಿ50 ಮೇಲೆ ಹೋಗುತ್ತದೆ, ಚುರುಕಾಗಿದ್ದ ದಿನ ಕೆಳಗೆ ಬರುತ್ತದೆ. ಸ್ಟ್ಯಾಂಡರ್ಡ್ ಪಕ್ಕದಲ್ಲಿದ್ದರೆ ಅದೂ ಜೊತೆಗೇ ಏರಿಳಿಯುತ್ತದೆ, ಹೋಲಿಕೆ ಕೆಡುವುದಿಲ್ಲ.

ವ್ಯತ್ಯಾಸ ಎಷ್ಟು ಅಂತೀರಾ? ಔಷಧವಾಗಿ ಸಿಗುವ ಐಎಲ್-2, ಅಂದರೆ ಅಲ್ಡೆಸ್‌ಲ್ಯೂಕಿನ್ ನೋಡಿ. ಅದರ ಲೇಬಲ್ ಪ್ರಕಾರ 1.1 ಮಿಲಿಗ್ರಾಂ ಅಂದರೆ 1 ಕೋಟಿ 80 ಲಕ್ಷ ಐಯು. 100 ಐಯುಗೆ ಸುಮಾರು 6 ನ್ಯಾನೋಗ್ರಾಂ ಬರುತ್ತದೆ. ನಿಮ್ಮ ಡೇಟಾಶೀಟ್ ಲೆಕ್ಕದಲ್ಲಿ 100 ಯೂನಿಟ್‌ಗೆ 10 ನ್ಯಾನೋಗ್ರಾಂ. ದೊಡ್ಡ ಅಂತರ ಅಲ್ಲ, ನಿಜ.

ದೊಡ್ಡ ಗುಂಡಿ ಇರುವುದು ಆ 1980ರ ದಶಕದ ಪೇಪರ್‌ನಲ್ಲಿ. ಆಗ ಕ್ಯಾಲಿಫೋರ್ನಿಯಾದ ಸೀಟಸ್ ಅನ್ನುವ ಕಂಪನಿ ಐಎಲ್-2 ಮಾಡುತ್ತಿತ್ತು. ಅದಕ್ಕೆ ಅದರದೇ ಯೂನಿಟ್. ಒಂದು ಸೀಟಸ್ ಯೂನಿಟ್ ಅಂದರೆ 6 ಐಯು. ಪೇಪರ್‌ನಲ್ಲಿ 100 ಯೂನಿಟ್ ಅಂತಿದ್ದು ಪ್ರೋಟೀನ್ ಸೀಟಸ್‌ನಿಂದ ಬಂದಿದ್ದರೆ ಅದು ನಿಜವಾಗಿ 600 ಐಯು. ಮೆಟೀರಿಯಲ್ಸ್ ವಿಭಾಗದಲ್ಲಿ ಪ್ರೋಟೀನ್ ಯಾರು ಕೊಟ್ಟರು ಅನ್ನುವ ಸಾಲು ಹುಡುಕಿ.

ಪಿಪೆಟ್_ಪುಟ್ಟಿ:
ಹುಡುಕಿದೆ ಸರ್. ಸೀಟಸ್‌ನವರೇ! ಆರು ಪಟ್ಟು ಅಂತ ಎಲ್ಲೂ ಯಾರೂ ಹೇಳಿರಲಿಲ್ಲ.

ಒಂದು ಸಣ್ಣ ಪ್ರಶ್ನೆ. ಸಿಟಿಎಲ್‌ಎಲ್-2 ಇಲಿಯ ಸೆಲ್ ಅಂತ ಓದಿದೆ. ಮನುಷ್ಯನ ಪ್ರೋಟೀನ್ ಪರೀಕ್ಷೆಗೆ ಇಲಿ ಸೆಲ್ ಯಾಕೆ?

ಗದಗ_ಜೀನ್:
ಅದು ಐಎಲ್-2 ಇಲ್ಲದಿದ್ದರೆ ಬದುಕುವುದೇ ಇಲ್ಲ, ಅದಕ್ಕೆ. ಎಷ್ಟು ಸೆಲ್ ಉಳಿದವು ಅನ್ನುವುದರಿಂದಲೇ ಎಷ್ಟು ಐಎಲ್-2 ಇತ್ತು ಅಂತ ಓದಬಹುದು. ಮನುಷ್ಯನ ಐಎಲ್-2 ಇಲಿಯ ರಿಸೆಪ್ಟರ್ (ಐಎಲ್-2 ಹಿಡಿಯುವ ಸೆಲ್ ಮೇಲಿನ ಪ್ರೋಟೀನ್) ಮೇಲೂ ಚೆನ್ನಾಗಿ ಕೂರುತ್ತದೆ. ಉಲ್ಟಾ ಹಾಗಲ್ಲ. ಇಲಿಯ ಐಎಲ್-2 ಮನುಷ್ಯನ ಸೆಲ್ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಪಕ್ಕದ ಲ್ಯಾಬಿನಿಂದ ಸಾಲ ತರುವಾಗ ಲೇಬಲ್ ಓದಿ ತನ್ನಿ.

ಹೆಚ್‌ಇಕೆ_ಪಾರ್ಟಿ:
ಎಲ್ಲರೂ ಇ. ಕೋಲೈ ವಯಲ್ ಅನ್ನು ಒಪ್ಪಿಕೊಂಡೇ ಮಾತಾಡ್ತಿದ್ದೀರಿ. ಮನುಷ್ಯನ ಪ್ರೋಟೀನ್ ಬೇಕು ಅಂದರೆ ಮನುಷ್ಯನ ಹೆಚ್‌ಇಕೆ ಸೆಲ್‌ನಲ್ಲಿ ಮಾಡಿದ್ದು ತಗೊಳ್ಳಿ. ಬ್ಯಾಕ್ಟೀರಿಯಾಗೆ ಸಕ್ಕರೆ ಸರ ಅಂಟಿಸಲು ಬರುವುದಿಲ್ಲ, ಸರಿಯಾಗಿ ಮಡಚಲೂ ಬರುವುದಿಲ್ಲ. ದುಡ್ಡು ಜಾಸ್ತಿ ಆಗುತ್ತದೆ, ಆಗಲಿ.

ಹಳೇ_ಬೆಂಚು:
ಈ ವಾದ ಎಲ್ಲ ಪ್ರೋಟೀನ್‌ಗೂ ಒಂದೇ ಥರ ಹಾಕಬಾರದು ಸ್ವಾಮಿ.

ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೋಪೊಯೆಟಿನ್ ಆದರೆ ನಿಮ್ಮ ಮಾತು ಒಪ್ಪುತ್ತೇನೆ. ಅದಕ್ಕೆ ಸಕ್ಕರೆ ಸರ ಇಲ್ಲದಿದ್ದರೆ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಅದಕ್ಕೇ ಸಿಎಚ್‌ಒ (ಹ್ಯಾಮ್‌ಸ್ಟರ್) ಸೆಲ್‌ನಲ್ಲಿ ಮಾಡುತ್ತಾರೆ. ಇನ್ಸುಲಿನ್ ಆದರೆ ಇ. ಕೋಲೈನಲ್ಲೂ ಆಯಿತು, ಯೀಸ್ಟ್‌ನಲ್ಲೂ ಆಯಿತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ತಂದ ಹ್ಯೂಮನ್ ಇನ್ಸುಲಿನ್ ಪಿಚಿಯಾ ಯೀಸ್ಟ್‌ನಲ್ಲಿ ಮಾಡಿದ್ದು.

ಐಎಲ್-2 ಚಿಕ್ಕ ಪ್ರೋಟೀನ್. 133 ಅಮೈನೋ ಆಸಿಡ್, ಸುಮಾರು 15.5 ಕಿಲೋಡಾಲ್ಟನ್. ನಮ್ಮ ದೇಹದಲ್ಲಿ ತಯಾರಾಗುವಾಗ ಮೂರನೇ ಜಾಗದ ಥ್ರಿಯೋನಿನ್‌ಗೆ ಸಕ್ಕರೆ ಅಂಟುತ್ತದೆ. ಅದು ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಅಲ್ಡೆಸ್‌ಲ್ಯೂಕಿನ್ ಕೂಡ ಇ. ಕೋಲೈ ಮಾಲೇ, ಸಕ್ಕರೆ ಇಲ್ಲ.

ನಿಜವಾದ ತಲೆನೋವು ಬೇರೆ ಕಡೆ ಇದೆ. ಐಎಲ್-2ನಲ್ಲಿ ಮೂರು ಸಿಸ್ಟೀನ್ (ಗಂಧಕ ಇರುವ ಅಮೈನೋ ಆಸಿಡ್). 58 ಮತ್ತು 105ನೇ ಜಾಗದವು ಕೈ ಹಿಡಿದುಕೊಂಡು ಡೈಸಲ್ಫೈಡ್ ಕೊಂಡಿ ಕಟ್ಟುತ್ತವೆ. 125ನೆಯದು ಒಂಟಿ. ಇ. ಕೋಲೈನಲ್ಲಿ ಇದು ಜಾಸ್ತಿ ತಯಾರಾದಾಗ ಕರಗದ ಗಂಟುಗಳಾಗಿ ಕೂತುಬಿಡುತ್ತದೆ. ಅದನ್ನು ಗ್ವಾನಿಡಿನ್‌ನಂಥದ್ದರಲ್ಲಿ ಪೂರ್ತಿ ಬಿಚ್ಚಿ, ಮತ್ತೆ ಮಡಚಬೇಕು. ಮಡಚುವಾಗ ಆ ಒಂಟಿ 125 ಹೋಗಿ 58ನ್ನೋ 105ನ್ನೋ ಹಿಡಿದುಕೊಂಡರೆ ತಪ್ಪು ಆಕಾರ. ಪಕ್ಕದ ಅಣುವಿನ ಸಿಸ್ಟೀನ್ ಹಿಡಿದರೆ ಜೋಡಿ ಅಣು. ತೂಕಕ್ಕೆ ಎರಡೂ ಸೇರುತ್ತವೆ, ಕೆಲಸಕ್ಕೆ ಸೇರುವುದಿಲ್ಲ. 1984ರಲ್ಲಿ ಸೀಟಸ್‌ನವರು ಆ 125ನೇ ಸಿಸ್ಟೀನ್ ತೆಗೆದು ಸೆರೀನ್ ಹಾಕಿ ತೋರಿಸಿದರು. ಚಟುವಟಿಕೆ ಹಾಗೇ ಉಳಿಯಿತು, ರಗಳೆ ಕಡಿಮೆಯಾಯಿತು. ಅಲ್ಡೆಸ್‌ಲ್ಯೂಕಿನ್‌ನಲ್ಲಿ ಇರುವುದು ಅದೇ ಬದಲಾವಣೆ. ರಿಸರ್ಚ್ ವಯಲ್‌ಗಳಲ್ಲಿ ಕೆಲವು ಸಿಸ್ಟೀನ್ ಇರುವವು, ಕೆಲವು ಸೆರೀನ್ ಇರುವವು. ಡೇಟಾಶೀಟ್‌ನ ಸೀಕ್ವೆನ್ಸ್ ಸಾಲಿನಲ್ಲಿ ಅದನ್ನು ನೋಡಿಕೊಳ್ಳಿ. ನನ್ನ ಪ್ರಕಾರ ಯಾವ ಸೆಲ್‌ನಲ್ಲಿ ಮಾಡಿದ್ದು ಅನ್ನುವುದಕ್ಕಿಂತ ಇದನ್ನು ಕೇಳುವುದು ಮುಖ್ಯ.

ಇನ್ನೊಂದು ಮಾತು, ಕೇಳುವವರಿದ್ದೀರಿ ಅಂತ ಹೇಳ್ತೀನಿ. 1976ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಮಾರ್ಗನ್, ರುಸೆಟ್ಟಿ, ಗ್ಯಾಲೊ ಇದನ್ನು ಮೊದಲು ವರದಿ ಮಾಡಿದಾಗ ವಯಲ್ ಇರಲಿಲ್ಲ, ನ್ಯಾನೋಗ್ರಾಂ ಇರಲಿಲ್ಲ. ಲಿಂಫೋಸೈಟ್‌ಗಳಿಗೆ (ಟಿ ಸೆಲ್ ಸೇರಿದ ಬಿಳಿ ರಕ್ತಕಣಗಳಿಗೆ) ಪಿಎಚ್‌ಎ ಅನ್ನುವ ಸಸ್ಯ ಪ್ರೋಟೀನ್ ಹಾಕಿ ಕೆರಳಿಸಿ, ಅವು ಬಿಟ್ಟ ನೀರನ್ನೇ ಸೋಸಿ ಇನ್ನೊಂದು ಫ್ಲಾಸ್ಕ್‌ಗೆ ಹಾಕುವುದು. ಒಂದು ಬ್ಯಾಚ್‌ನ ಹಾಗೆ ಇನ್ನೊಂದು ಇರುತ್ತಿರಲಿಲ್ಲ. 1983ರಲ್ಲಿ ಜಪಾನಿನ ತನಿಗುಚಿ ತಂಡ ಜುರ್ಕಟ್ ಅನ್ನುವ ಟಿ ಸೆಲ್ ತಳಿಯಿಂದ ಇದರ ಜೀನ್ ಕ್ಲೋನ್ ಮಾಡಿತು. ಆಮೇಲೆಯೇ ಈ ವಯಲ್ ಸಂಸ್ಕೃತಿ ಶುರುವಾಗಿದ್ದು.

ಹೆಚ್‌ಇಕೆ_ಪಾರ್ಟಿ:
ಸರಿ, ಐಎಲ್-2 ಮಟ್ಟಿಗೆ ಬಿಟ್ಟೆ. ಆದರೆ ಎಂಡೋಟಾಕ್ಸಿನ್ ವಿಷಯದಲ್ಲಿ ಬಿಡುವುದಿಲ್ಲ. ಇ. ಕೋಲೈ ಅಂದ ಮೇಲೆ ಎಲ್‌ಪಿಎಸ್, ಅಂದರೆ ಅದೇ ಎಂಡೋಟಾಕ್ಸಿನ್, ಇದ್ದೇ ಇರುತ್ತದೆ.

ನೆಕ್ಕರ್_ದಂಡೆ:
ಅದರಲ್ಲಿ ನಿಮ್ಮ ಮಾತಿಗೆ ತೂಕ ಇದೆ. ಲೆಕ್ಕ ಹಾಕೋಣ. 1 ಇಯು ಅಂದರೆ ಸುಮಾರು 100 ಪಿಕೋಗ್ರಾಂ ಎಲ್‌ಪಿಎಸ್. ಪುಟ್ಟಿ ಅವರು ಮಿಲಿಲೀಟರಿಗೆ 10 ನ್ಯಾನೋಗ್ರಾಂ ಹಾಕಿದರೆ, ಮಿತಿಯಷ್ಟೇ ಎಂಡೋಟಾಕ್ಸಿನ್ ಇದ್ದರೂ ಮಿಲಿಲೀಟರಿಗೆ 1 ಪಿಕೋಗ್ರಾಂ. ಶುದ್ಧ ಟಿ ಸೆಲ್‌ಗೆ ಅದು ಲೆಕ್ಕಕ್ಕಿಲ್ಲ. ಅದೇ ವಯಲ್‌ನಿಂದ ಯಾರಾದರೂ 6000 ಯೂನಿಟ್ ಹಾಕಿದರೆ 60 ಪಿಕೋಗ್ರಾಂ ಆಗುತ್ತದೆ. ಫ್ಲಾಸ್ಕ್‌ನಲ್ಲಿ ಮೊನೊಸೈಟ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಉಳಿದಿದ್ದರೆ ಅವು ಅದಕ್ಕೆ ಕೆರಳುತ್ತವೆ, ಉರಿಯೂತ ತರುವ ಟಿಎನ್‌ಎಫ್ ಬಿಡುತ್ತವೆ. ಆಗ ಐಎಲ್-2 ಮಾಡಿತು ಅಂತ ನೀವು ಬರೆದದ್ದು ಅಸಲಿಗೆ ಎಲ್‌ಪಿಎಸ್ ಮಾಡಿದ್ದು.

ಪಾಲಿಮಿಕ್ಸಿನ್ ಬಿ ಹಾಕಿ ಒಂದು ಕಂಟ್ರೋಲ್ ಇಡಿ, ಅದು ಎಲ್‌ಪಿಎಸ್ ಅನ್ನು ಹಿಡಿದುಕೊಳ್ಳುತ್ತದೆ. ಕುದಿಸಿದ ಪ್ರೋಟೀನ್ ಇನ್ನೊಂದು ಕಂಟ್ರೋಲ್. ಎಲ್‌ಪಿಎಸ್ ಕುದಿತಕ್ಕೆ ಬಗ್ಗುವುದಿಲ್ಲ, ಪ್ರೋಟೀನ್ ಬಗ್ಗುತ್ತದೆ. ಚಿಕ್ಕ ಪ್ರೋಟೀನ್‌ಗಳು ತಣ್ಣಗಾದ ಮೇಲೆ ಸ್ವಲ್ಪ ಸ್ವಲ್ಪ ಮತ್ತೆ ಮಡಚಿಕೊಳ್ಳುವುದುಂಟು. ಕುದಿಸಿದ್ದು ನಿಜಕ್ಕೂ ಸತ್ತಿದೆಯಾ ಅಂತ ಮೊದಲು ನೋಡಿ.

ಗದಗ_ಜೀನ್:
ಈ ಇಯು ಅಳೆಯುವ ಎಲ್‌ಎಎಲ್ ಟೆಸ್ಟ್ ಬರುವುದು ಹಾರ್ಸ್‌ಶೂ ಏಡಿಯ ನೀಲಿ ರಕ್ತದಿಂದ. ನಮ್ಮ ಒಡಿಶಾ ಕರಾವಳಿಯಲ್ಲೂ ಈ ಏಡಿ ಇದೆ, ಚಾಂದಿಪುರದ ಕಡೆ. ಈಗ ಆ ರಕ್ತದ ಫ್ಯಾಕ್ಟರ್ ಸಿ ಅನ್ನುವ ಪ್ರೋಟೀನನ್ನೇ ರಿಕಾಂಬಿನಂಟ್ ಆಗಿ ಮಾಡುತ್ತಾರೆ, ಸಿಂಗಪುರದವರು ಮೊದಲು ಮಾಡಿದ್ದು. ಒಂದು ರಿಕಾಂಬಿನಂಟ್ ಪ್ರೋಟೀನ್ ಶುದ್ಧವಾಗಿದೆಯಾ ಅಂತ ಇನ್ನೊಂದು ರಿಕಾಂಬಿನಂಟ್ ಪ್ರೋಟೀನ್ ಹೇಳುತ್ತದೆ. ಮಜಾ ಇದೆ ಅಲ್ವಾ?

ಊರಿಂದ_ಒಬ್ಬ:
ನಾನು ಲ್ಯಾಬ್‌ನವನಲ್ಲ. ಹುಡುಕುತ್ತಾ ಇಲ್ಲಿಗೆ ಬಂದೆ. ನಮ್ಮ ಮಾವನವರಿಗೆ ಕಿಡ್ನಿ ಕ್ಯಾನ್ಸರ್, ಶ್ವಾಸಕೋಶಕ್ಕೂ ಹರಡಿದೆ. ಐಎಲ್-2 ಇಂಜೆಕ್ಷನ್‌ನಿಂದ ಕೆಲವರಿಗೆ ಪೂರ್ತಿ ವಾಸಿಯಾಗಿದೆ ಅಂತ ಓದಿದೆ. ನೀವು ಹೇಳುತ್ತಿರುವ ಈ ವಯಲ್ ಅದೇ ಅಲ್ವಾ? ಆನ್‌ಲೈನ್‌ನಲ್ಲಿ ಸಿಗುತ್ತಿದೆ. ನಮ್ಮೂರಿನ ಕಾಂಪೌಂಡರ್ ಹಾಕಿಕೊಡುತ್ತೇನೆ ಅಂತಾರೆ. ದಯವಿಟ್ಟು ತಿಳಿಸಿ.

ವಾರ್ಡ್_ಡ್ಯೂಟಿ:
ಅಣ್ಣಾ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಇದನ್ನು ಖಂಡಿತ ಹಾಕಿಸಬೇಡಿ.

ನೀವು ಓದಿದ್ದು ಸುಳ್ಳಲ್ಲ. ಅಲ್ಡೆಸ್‌ಲ್ಯೂಕಿನ್‌ಗೆ ಅಮೆರಿಕದಲ್ಲಿ 1992ರಲ್ಲಿ ಹರಡಿದ ಕಿಡ್ನಿ ಕ್ಯಾನ್ಸರ್‌ಗೆ ಅನುಮತಿ ಸಿಕ್ಕಿತು. ಕೆಲವೇ ಕೆಲವು ರೋಗಿಗಳಲ್ಲಿ ಗಡ್ಡೆ ಪೂರ್ತಿ ಕರಗಿ ವರ್ಷಗಟ್ಟಲೆ ಮರಳಲಿಲ್ಲ. ಆದರೆ ಅದನ್ನು ಕೊಟ್ಟಿದ್ದು ಹೇಗೆ ಅಂತಲೂ ಕೇಳಿ. ಕೆಜಿಗೆ 6 ಲಕ್ಷ ಐಯು, ಎಂಟು ಗಂಟೆಗೊಮ್ಮೆ, ಐಸಿಯು ಸೌಲಭ್ಯ ಇರುವ ಆಸ್ಪತ್ರೆಯಲ್ಲಿ. ಈ ಪ್ರಮಾಣದಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರಲು ಶುರುವಾಗುತ್ತದೆ. ಬಿಪಿ ಕುಸಿಯುತ್ತದೆ, ಕಿಡ್ನಿ ಮೂತ್ರ ನಿಲ್ಲಿಸುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೃದಯ ಮತ್ತು ಶ್ವಾಸಕೋಶ ಗಟ್ಟಿ ಇವೆಯಾ ಅಂತ ಪರೀಕ್ಷೆ ಮಾಡಿಯೇ ರೋಗಿಯನ್ನು ಆರಿಸುತ್ತಿದ್ದರು. 60 ಕೆಜಿ ಮನುಷ್ಯನಿಗೆ ಒಂದು ಡೋಸ್ ಅಂದರೆ 2 ಮಿಲಿಗ್ರಾಂ ಮೇಲೆ. ಇಲ್ಲಿ ಮಾತಾಡುತ್ತಿರುವ ವಯಲ್ ಆದರೆ 40ಕ್ಕಿಂತ ಜಾಸ್ತಿ ಬೇಕು.

ಮತ್ತೆ ಈ ವಯಲ್ ಮೇಲೆ ಸಂಶೋಧನೆಗೆ ಮಾತ್ರ ಅಂತ ಬರೆದಿರುತ್ತದೆ. ಅದನ್ನು ಮನುಷ್ಯನ ಮೈಗೆ ಚುಚ್ಚಲು ಮಾಡಿಲ್ಲ, ಅದಕ್ಕೆ ಬೇಕಾದ ಪರೀಕ್ಷೆಗಳೂ ಆಗಿಲ್ಲ. ಮೇಲೆ ಇವರೆಲ್ಲ ಎಂಡೋಟಾಕ್ಸಿನ್ ಅಂತ ಮಾತಾಡಿದರಲ್ಲ, ಅದು ರಕ್ತಕ್ಕೆ ಹೋದರೆ ಜ್ವರ, ನಡುಕ, ಶಾಕ್.

ಈಗ ಕಿಡ್ನಿ ಕ್ಯಾನ್ಸರ್‌ಗೆ ನಿವೊಲುಮ್ಯಾಬ್‌ನಂಥ ಇಮ್ಯುನೋಥೆರಪಿ ಇದೆ, ಮಾತ್ರೆಗಳೂ ಇವೆ. ಐಎಲ್-2 ಬಹಳ ಮಟ್ಟಿಗೆ ಪಕ್ಕಕ್ಕೆ ಸರಿದಿದೆ. ಕಿದ್ವಾಯಿಯಂಥ ಕಡೆ ಆಂಕಾಲಜಿಸ್ಟ್‌ಗೆ ರಿಪೋರ್ಟ್ ಎಲ್ಲ ತೋರಿಸಿ. ಇಮ್ಯುನೋಥೆರಪಿ ಇವರಿಗೆ ಆಗುತ್ತದಾ, ಸರ್ಕಾರಿ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ನೇರವಾಗಿ ಕೇಳಿ.

ಊರಿಂದ_ಒಬ್ಬ:
ಆಯ್ತು ಮೇಡಂ. ಕಾಂಪೌಂಡರ್‌ಗೆ ಬೇಡ ಅಂತ ಹೇಳಿಬಿಡುತ್ತೇನೆ. ಸೋಮವಾರ ರಿಪೋರ್ಟ್ ತಗೊಂಡು ಹೊರಡುತ್ತೇವೆ.

ಮೈಸೂರು_ಮೈಕ್ರಾನ್:
ಇದಕ್ಕೇ ಸಂಬಂಧಪಟ್ಟ ಒಂದು ಮಾತು. ರೋಗಿಗೆ ವಾಪಸ್ ಕೊಡುವ ಸೆಲ್ ಬೆಳೆಸುವಾಗಲೂ ಈ ದರ್ಜೆಯ ವಯಲ್ ನಡೆಯುವುದಿಲ್ಲ. ಐಐಟಿ ಬಾಂಬೆಯಲ್ಲಿ ಹುಟ್ಟಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಬಂತಲ್ಲ, ಅಂಥ ಸಿಎಆರ್-ಟಿ (ಕ್ಯಾನ್ಸರ್ ಗುರುತಿಸುವಂತೆ ಮಾರ್ಪಡಿಸಿದ ಟಿ ಸೆಲ್) ಕೆಲಸಕ್ಕೆ ಹಾಕುವ ಸೈಟೋಕೈನ್ ಜಿಎಂಪಿ (ಔಷಧ ತಯಾರಿಕೆ ನಿಯಮ ಪಾಲಿಸಿದ) ದರ್ಜೆಯದಾಗಿರಬೇಕು. ಅದೇ ಸೀಕ್ವೆನ್ಸ್ ಇರಬಹುದು. ಕಾಗದಪತ್ರ, ಪರೀಕ್ಷೆ, ಬೆಲೆ ಎಲ್ಲ ಬೇರೆ.

ಪಿಪೆಟ್_ಪುಟ್ಟಿ:
ನನ್ನ ಕೊನೇ ಎರಡು ಪ್ರಶ್ನೆ. ಜಾಸ್ತಿ ಐಎಲ್-2 ಹಾಕಿದರೆ ಜಾಸ್ತಿ ಬೆಳೆಯುತ್ತವೆ ಅಲ್ವಾ? 500 ಯೂನಿಟ್ ಹಾಕಿಬಿಟ್ಟರೆ ಸೇಫ್ ಅಲ್ವಾ? ಮತ್ತೆ ನಮ್ಮ ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಜಾಗ ಇಲ್ಲ, ಮೈನಸ್ 20 ಸಾಕಾ?

ಗದಗ_ಜೀನ್:
ಜಾಸ್ತಿ ಹಾಕಿದಷ್ಟೂ ಒಳ್ಳೇದು ಅನ್ನುವುದು ಇಲ್ಲಿ ನಡೆಯುವುದಿಲ್ಲ. ರಿಸೆಪ್ಟರ್‌ಗೆ ಮೂರು ತುಂಡು: ಸಿಡಿ25, ಸಿಡಿ122, ಸಿಡಿ132. ಮೂರೂ ಸೇರಿದರೆ ಸುಮಾರು 10 ಪಿಕೋಮೋಲಾರ್‌ನಲ್ಲೇ ಐಎಲ್-2 ಹಿಡಿಯುತ್ತದೆ. ಅಂದರೆ ಮಿಲಿಲೀಟರಿಗೆ ಬರೀ 0.15 ನ್ಯಾನೋಗ್ರಾಂ. ನಿಮ್ಮ ಡೇಟಾಶೀಟ್‌ನ ಇಡಿ50ಗೆ ಎಷ್ಟು ಹತ್ತಿರ ಬಂತು ನೋಡಿ. ಬೀಡ್ಸ್‌ನಿಂದ ಎಬ್ಬಿಸಿದ ಟಿ ಸೆಲ್ ಸಿಡಿ25 ಹೊರಗೆ ಹಾಕಿರುತ್ತದೆ. ಅದಕ್ಕೆ 100 ಯೂನಿಟ್ ಅಂದರೆ ಧಾರಾಳ. ಸಿಡಿ25 ಇಲ್ಲದೆ ಎರಡೇ ತುಂಡು ಇರುವ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಸೆಲ್‌ಗೆ ನೂರು ಪಟ್ಟು ಜಾಸ್ತಿ ಬೇಕು, ಅದಕ್ಕೇ ಅಲ್ಲಿ ಡೋಸ್ ಏರುತ್ತದೆ. ಗಡ್ಡೆಯೊಳಗಿನ ಟಿ ಸೆಲ್ ಬೆಳೆಸುವವರು 6000 ಐಯು ಹಾಕುವುದೂ ಇದೆ.

ಇನ್ನೊಂದು ಕಡೆ, ತೀರಾ ಕಡಿಮೆ ಐಎಲ್-2 ಇದ್ದಾಗ ಅದನ್ನು ಮೊದಲು ಕಬಳಿಸುವುದು ಟಿ ರೆಗ್, ಅಂದರೆ ಉಳಿದ ಟಿ ಸೆಲ್‌ಗಳಿಗೆ ಕಡಿವಾಣ ಹಾಕುವ ಸೆಲ್. ಅವುಗಳ ಮೇಲೆ ಸಿಡಿ25 ಯಾವಾಗಲೂ ತುಂಬಿರುತ್ತದೆ. ಜಪಾನಿನ ವಿಜ್ಞಾನಿ ಸಕಗುಚಿ 1995ರಲ್ಲಿ ಇವನ್ನು ಗುರುತಿಸಿದ್ದು ಇದೇ ಸಿಡಿ25 ಹಿಡಿದುಕೊಂಡು. ಆ ದಾರಿಯ ಕೆಲಸಕ್ಕೆ 2025ರ ನೊಬೆಲ್ ಬಂತು, ಬ್ರಂಕೊ ಮತ್ತು ರಾಮ್ಸ್‌ಡೆಲ್ ಜೊತೆ. ಜಾಸ್ತಿ ಐಎಲ್-2ನಲ್ಲಿ ಬಹಳ ದಿನ ಇಟ್ಟರೆ ಸೆಲ್ ಲೆಕ್ಕಕ್ಕೆ ಹೆಚ್ಚಾಗುತ್ತದೆ, ಆದರೆ ಮೆಮೊರಿ ಗುಣ ಕಳಕೊಂಡು ಸುಸ್ತಾಗುತ್ತದೆ. ಅದಕ್ಕೇ ಸಿಎಆರ್-ಟಿ ಮಾಡುವ ಎಷ್ಟೋ ಕಡೆ ಐಎಲ್-7, ಐಎಲ್-15 ಕಡೆಗೆ ಹೊರಳಿದ್ದಾರೆ.

ಒಂದೇ ಸಲ ಜಾಸ್ತಿ ಸುರಿಯುವ ಬದಲು ಎರಡು ಮೂರು ದಿನಕ್ಕೊಮ್ಮೆ ಹೊಸದಾಗಿ ಹಾಕಿ. ಸೆಲ್ ಅದನ್ನು ರಿಸೆಪ್ಟರ್ ಸಮೇತ ಒಳಗೆಳೆದುಕೊಂಡು ಅರಗಿಸಿಬಿಡುತ್ತದೆ, ಮೀಡಿಯಂನಲ್ಲಿ ಉಳಿಯುವುದಿಲ್ಲ.

ಹಳೇ_ಬೆಂಚು:
ಮೈನಸ್ 20 ನಡೆಯುತ್ತದೆ, ಕೆಲವು ತಿಂಗಳ ಮಟ್ಟಿಗೆ. ಆದರೆ ಅದು ತಾನೇ ಐಸ್ ಕರಗಿಸಿಕೊಳ್ಳುವ ಫ್ರೀಜರ್ ಆಗಿರಬಾರದು. ಅದು ಆಗಾಗ ಬಿಸಿಯಾಗಿ ತಣ್ಣಗಾಗುತ್ತದೆ, ನಿಮ್ಮ ಪ್ರೋಟೀನೂ ಜೊತೆಗೆ ಕರಗಿ ಗಟ್ಟಿಯಾಗುತ್ತದೆ. ಒಂದು ಸಲಕ್ಕೆ ಬೇಕಾದಷ್ಟೇ ಚಿಕ್ಕ ಅಲಿಕ್ವಾಟ್ (ಪಾಲು) ಮಾಡಿ, ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ.

ನಿಮ್ಮದು ಕ್ಯಾರಿಯರ್ ಫ್ರೀ. ಸ್ಟಾಕ್ ತೆಳು ಮಾಡಿ ಇಡುವುದಾದರೆ 0.1 ಶೇಕಡ ಬಿಎಸ್‌ಎ (ಹಸುವಿನ ಆಲ್ಬುಮಿನ್) ಅಥವಾ ಹ್ಯೂಮನ್ ಆಲ್ಬುಮಿನ್ ಸೇರಿಸಿ, ಇಲ್ಲದಿದ್ದರೆ ಪ್ರೋಟೀನ್ ಟ್ಯೂಬ್ ಗೋಡೆಗೆ ಅಂಟಿ ಹೋಗುತ್ತದೆ. ಐಎಲ್-2ಗೆ ಬಣ್ಣ ಅಥವಾ ಬಯೋಟಿನ್ ಅಂಟಿಸುವ ಯೋಚನೆ ಇದ್ದರೆ ಮಾತ್ರ ಬಿಎಸ್‌ಎ ಬೇಡ, ಅಂಟಿಸಿದ್ದೆಲ್ಲ ಬಿಎಸ್‌ಎಗೇ ಹೋಗುತ್ತದೆ.

ಮತ್ತೆ ಡೋಸ್ ವಿಷಯ ಇಲ್ಲಿಗೇ ಬಿಡಬೇಡಿ. ಒಬ್ಬ ದಾನಿಯ ಸೆಲ್ ತಗೊಂಡು 0, 10, 30, 100, 300 ಯೂನಿಟ್ ಹಾಕಿ ಒಂದು ವಾರ ಎಣಿಸಿ. ರೇಖೆ ಎಲ್ಲಿ ಸಮತಟ್ಟಾಗುತ್ತದೋ ಅಲ್ಲಿಂದ ಸ್ವಲ್ಪ ಮೇಲೆ ನಿಮ್ಮ ಡೋಸ್. ಈ ಲಾಟ್‌ನ ಮೂರು ನಾಲ್ಕು ಅಲಿಕ್ವಾಟ್ ಎತ್ತಿಟ್ಟಿರಿ. ಮುಂದಿನ ಲಾಟ್ ಬಂದಾಗ ಎರಡನ್ನೂ ಪಕ್ಕಪಕ್ಕ ಓಡಿಸಬೇಕು.

ಪಿಪೆಟ್_ಪುಟ್ಟಿ:
ಸಿಒಎ ಬಂತು. ನಮ್ಮ ಲಾಟ್‌ನ ಇಡಿ50 0.05. ಅಂದರೆ ಮಿಲಿಗ್ರಾಂಗೆ 2 ಕೋಟಿ ಯೂನಿಟ್, 100 ಯೂನಿಟ್‌ಗೆ 5 ನ್ಯಾನೋಗ್ರಾಂ ಸಾಕು. ಸರಿ ಅಲ್ವಾ?

ನೆಕ್ಕರ್_ದಂಡೆ:
ಸರಿ. ಲ್ಯಾಬ್ ಬುಕ್‌ನಲ್ಲಿ ಎರಡನ್ನೂ ಬರೆಯಿರಿ, 5 ನ್ಯಾನೋಗ್ರಾಂ ಮತ್ತು 100 ಯೂನಿಟ್. ಪಕ್ಕದಲ್ಲಿ ಲಾಟ್ ನಂಬರ್. ಐಯು ಅಂತ ಮಾತ್ರ ಬೇಡ.